ಒಂದು ಕೊಡ ನೀರಿನ ಕರೆಂಟು

ನಮ್ಮ ಊರಿಗೆ ಕರೆಂಟು ಕೊಡುವವರು ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ತೆಗೆಯುವವನು ನಾನು ಎಂಬುದು ಮಾತ್ರ ಮಾತು ಬಾರದ ಕೂಸಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದೆ. ಊರ ಹೊರಗಿನ ಸಬ್‌ಸ್ಟೇಷನ್ನಿನಲ್ಲಿ ಒಂದು ಕಬ್ಬಿಣದ ಹಿಡಿಕೆ ಇತ್ತು. ಬೆಳಿಗ್ಗೆ ಹತ್ತಕ್ಕೆ ಅದನ್ನು ಕೆಳಗೆ ಎಳೆದರೆ ಊರಿನ ಎಂಟುನೂರು ಮಗ್ಗಗಳು ಒಮ್ಮೆಗೇ ಬಾಯಿ ಮುಚ್ಚುತ್ತಿದ್ದವು. ಸಂಜೆ ನಾಲ್ಕಕ್ಕೆ ಮೇಲೆತ್ತಿದರೆ ಮತ್ತೆ ಖಟಪಟ ಶುರುವಾಗುತ್ತಿತ್ತು. ಮದುವೆ ಮನೆಯವರು, ಹಿಟ್ಟಿನ ಗಿರಣಿಯವರು, ಪರೀಕ್ಷೆಗೆ ಕುಳಿತ ಮಕ್ಕಳ ತಂದೆಯರು ನನ್ನ ಬಾಗಿಲಿಗೆ ಬಂದು, "ಸಾಹೇಬ್ರ, ನಾಳೆ ಒಂದ ದಿನ ತಗೀಬ್ಯಾಡ್ರಿ" ಎಂದು ಕೈ ಮುಗಿಯುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು "ನೋಡೂಣು" ಎನ್ನುತ್ತಿದ್ದೆ. ಏನೂ ನೋಡುತ್ತಿರಲಿಲ್ಲ, ಹತ್ತು ಬಡಿಯುತ್ತಲೇ ಎಳೆಯುತ್ತಿದ್ದೆ. ನನ್ನ ಹೆಸರು ಗುರುಪಾದಪ್ಪ. ಊರವರು ಬೆನ್ನ ಹಿಂದೆ ಕತ್ತಲಪ್ಪ ಎಂದು ಕರೆಯುತ್ತಿದ್ದರು. ಸುಳ್ಳೇಕೆ ಹೇಳಲಿ, ಅದೂ ನನಗೆ ಹಿತವಾಗಿಯೇ ಇತ್ತು.

ಆಮೇಲೆ ಒಂದು ದಿನ ನನ್ನ ಕೈಯಿಂದಲೇ ತಪ್ಪಾಯಿತು. ಸಿಡಿಲಿಗೆ ಸುಟ್ಟುಹೋಗಿದ್ದ ನನ್ನ ಕೋಣೆಯ ವಯರುಗಳನ್ನು ಬದಲಾಯಿಸುತ್ತಿದ್ದೆ. ಬೆಳಗಿನ ರೊಟ್ಟಿ ತಿಂದಿರಲಿಲ್ಲ. ಹಸಿದ ಹೊತ್ತಿನಲ್ಲಿ ನಾನು ಕಣ್ಣಿದ್ದೂ ಕುರುಡ. ನೆಲಕ್ಕೆ ಇಳಿಯುವ ಅರ್ಥಿಂಗ್ ವಯರನ್ನು ಕರೆಂಟು ಬರುವ ಜಾಗಕ್ಕೆ ಬಿಗಿದುಬಿಟ್ಟೆ. ಅರ್ಥಿಂಗ್ ಅಂದರೆ ದೊಡ್ಡ ವಿದ್ಯೆಯೇನಲ್ಲ: ಆಳೆತ್ತರದ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ನಡುವೆ ತಾಮ್ರದ ಸರಳು ನೆಟ್ಟಿರುತ್ತಾರೆ. ದಾರಿ ತಪ್ಪಿದ ಕರೆಂಟು ಅದರ ಮೂಲಕ ನೆಲ ಸೇರಲಿ ಎಂದು. ಆ ದಿನವೂ ಹತ್ತಕ್ಕೆ ಹಿಡಿಕೆ ಎಳೆದೆ. ಊರು ನಿಂತಿತು. ನನ್ನ ಕೋಣೆಯ ಬಲ್ಬು ಉರಿಯುತ್ತಲೇ ಇತ್ತು, ಫ್ಯಾನು ತಿರುಗುತ್ತಲೇ ಇತ್ತು. ನೆಲಕ್ಕೆ ಹೋಗಬೇಕಾದದ್ದು ನೆಲದಿಂದ ಬರುತ್ತಿತ್ತು.

ಮಧ್ಯಾಹ್ನ ನೀಲವ್ವ, ನನ್ನ ಹೆಂಡತಿ, ಬುತ್ತಿಯನ್ನೂ ಕುಡಿಯುವ ನೀರಿನ ಕೊಡವನ್ನೂ ಹೊತ್ತು ಬಂದಳು. ಫ್ಯಾನು ನೋಡಿದಳು, ನನ್ನ ಮುಖ ನೋಡಿದಳು. "ಯಾರಿಗೂ ಹೇಳಬ್ಯಾಡ" ಎಂದೆ. ಅವಳು ಯಾರಿಗೂ ಹೇಳಲಿಲ್ಲ, ಪಕ್ಕದ ಮನೆಯವಳೊಬ್ಬಳನ್ನು ಬಿಟ್ಟು. ಹದಿನೈದು ದಿನದಲ್ಲಿ ಊರಿನ ಪ್ರತಿ ಹಿತ್ತಿಲಿನಲ್ಲೂ ಒಂದು ಗುಂಡಿ ಇತ್ತು. ಅಂಗಡಿಗಳಲ್ಲಿ ಉಪ್ಪು ಖಾಲಿಯಾಗಿ ಜನ ಮೂರು ದಿನ ಸಪ್ಪೆ ಸಾರು ಉಂಡರು.

ದೊಡ್ಡ ಊರುಗಳಿಂದ ದೊಡ್ಡ ಜನ ಬಂದರು. ಗುಂಡಿಯೊಳಗೆ ಯಂತ್ರ ಇಳಿಬಿಟ್ಟರು, ನೋಟ್‌ಬುಕ್ ತುಂಬಿಸಿದರು, ಗಿರಮಿಟ್ಟು ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡು ಹೋದರು. ತಮ್ಮ ಊರಿನಲ್ಲೂ ತೋಡಿ ನೋಡಿದರಂತೆ. ಕೆಲವು ಕಡೆ ಬಂತು, ಕೆಲವು ಕಡೆ ಬರಲಿಲ್ಲ ಎಂದು ಸುದ್ದಿ. ನಮಗೆ ಅದೆಲ್ಲ ಏಕೆ? ನಮ್ಮ ಗುಂಡಿ ಕೊಡುತ್ತಿತ್ತು. ಎಷ್ಟು ಎಳೆದರೂ ಕೊಡುತ್ತಿತ್ತು. ಬೇಸಿಗೆಯಲ್ಲಿ ಕಡಿಮೆ, ಮಳೆಗಾಲದಲ್ಲಿ ಹೆಚ್ಚು ಎಂಬುದೂ ಇರಲಿಲ್ಲ.

ಊರು ಬದಲಾದದ್ದನ್ನು ಹೇಳಹೊರಟರೆ ದಿನ ಸಾಲದು. ಒಲೆಗಳಲ್ಲಿ ಬೆಂಕಿ ಇಲ್ಲದೆ ರೊಟ್ಟಿ ಉಬ್ಬತೊಡಗಿತು. ಮೊದಲ ತಿಂಗಳು ಮುದುಕಿಯರು ಒಗ್ಗರಣೆಯಲ್ಲಿ ಹೊಗೆಯ ವಾಸನೆಯಿಲ್ಲ ಎಂದು ಗೊಣಗಿದರು. ಎರಡನೆಯ ತಿಂಗಳಿಗೆ ಕೆಮ್ಮು ನಿಂತದ್ದನ್ನು ಕಂಡು ಸುಮ್ಮನಾದರು. ಗುಡ್ಡದ ಮೇಲಿನ ಓಣಿಗೆ ನೀರು ಹತ್ತಿತು. ಆ ಓಣಿಯ ಹೆಣ್ಣುಮಕ್ಕಳು ಕೊಡ ಹೊತ್ತು ಗುಡ್ಡ ಹತ್ತುವುದನ್ನು ಬಿಟ್ಟು ಶಾಲೆಯ ಮೆಟ್ಟಿಲು ಹತ್ತಿದರು. ನಿಂಬೆಹಣ್ಣು, ಟೊಮೆಟೊ ಕೊಳೆಯದಂತೆ ತಂಪು ಕೋಣೆ ಬಂತು. ಎಮ್ಮೆಗಳಿಗೂ ಫ್ಯಾನು ಹಾಕಿದರು, ಎಮ್ಮೆಗಳು ಅದರ ಕೆಳಗಿನಿಂದ ಏಳಲು ಒಪ್ಪದೆ ಹೊಸ ತಂಟೆಯಾಯಿತು. ಸಾವಕಾರರ ಮನೆಯಲ್ಲಿ ಎಷ್ಟು ಬೆಳಕೋ ಗುಡಿಸಲಿನಲ್ಲೂ ಅಷ್ಟೇ ಬೆಳಕು. ನೇಕಾರರು ಮುಂಚೆ ಕರೆಂಟು ಇದ್ದಾಗ ಹಗಲೋ ಇರುಳೋ ನೋಡದೆ ನೇಯಬೇಕಿತ್ತು. ಈಗ ತಮಗೆ ಬೇಕಾದಾಗ ನೇಯ್ದು, ದಣಿದಾಗ ಸ್ವಿಚ್ ಆರಿಸಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಆ ಒಂದು ವರ್ಷ ನಮ್ಮ ಊರಿನಲ್ಲಿ ಇದ್ದವರೇ ಪುಣ್ಯವಂತರು.

ಪುಣ್ಯವಿಲ್ಲದವನು ನಾನೊಬ್ಬನೇ. ಸಬ್‌ಸ್ಟೇಷನ್ನಿಗೆ ದಿನವೂ ಹೋಗುತ್ತಿದ್ದೆ. ಹತ್ತಕ್ಕೆ ಹಿಡಿಕೆ ಎಳೆಯುತ್ತಿದ್ದೆ, ನಾಲ್ಕಕ್ಕೆ ಎತ್ತುತ್ತಿದ್ದೆ, ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಬಾಗಿಲಿಗೆ ಯಾರೂ ಬರಲಿಲ್ಲ. ಮದುವೆಯ ಕರೆಯೋಲೆ ಕೊಡುವವರು ಹೊಸ್ತಿಲಲ್ಲೇ ನಿಂತು ಕೊಟ್ಟು ಹೋಗುತ್ತಿದ್ದರು. ಊರಿಗೆ ಬೆಳಕು ತಂದವನು ನಾನೇ ಎಂದು ಒಂದೆರಡು ಸಲ ಹೋಟೆಲಿನಲ್ಲಿ ಹೇಳಿ ನೋಡಿದೆ. "ಹೌದ್ರಿ, ವಯರ್ ತಪ್ಪು ಹಚ್ಚಿದವರು ನೀವ ಅಲ್ರೀ" ಎಂದು ನಕ್ಕರು.

ಈಗ ಗುಂಡಿಯ ನೀರಿನ ಮಾತು ಹೇಳಬೇಕು. ಪ್ರತಿ ಮನೆಯ ಹೆಂಗಸು ಬೆಳಿಗ್ಗೆ ಅಂಗಳ ಸಾರಿಸಿದ ಮೇಲೆ ಗುಂಡಿಗೆ ಒಂದು ಕೊಡ ನೀರು ಹಾಕಿ, ಸರಳಿಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ತುಳಸಿಗೆ ಹಾಕುವಂತೆ ಇದೂ ಒಂದು ಪೂಜೆ ಎಂದು ಗಂಡಸರೆಲ್ಲ ತಿಳಿದಿದ್ದೆವು. ಗಂಡಸು ಕೊಡ ಹಿಡಿದು ಗುಂಡಿಯ ಹತ್ತಿರ ಹೋದರೆ "ಯಾವಾಗ ಕುಬಸಾ ಮಾಡಿಸ್ಕೋತಿ?" ಎಂದು, ಬಸುರಿಯ ಸೀಮಂತದ ಮಾತೆತ್ತಿ ಗೇಲಿ ಮಾಡುತ್ತಿದ್ದರು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ. ನಾನಂತೂ ಸಬ್‌ಸ್ಟೇಷನ್ನಿನ ಗುಂಡಿಗೇ ಒಂದು ಹನಿ ಹಾಕಿದವನಲ್ಲ. ನಿಯಮದ ಪ್ರಕಾರ ದಿನವೂ ಹಾಕಬೇಕಿತ್ತು, ಹಾಕಿದ್ದೇನೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಅಷ್ಟೇ.

ಹೊಸ ಕರೆಂಟು ಬಂದು ಒಂದು ವರ್ಷವಾದ ಮೇಲೆ ಕೆಳಗಿನ ಓಣಿಯ ಗಂಗವ್ವ ತೀರಿಕೊಂಡಳು. ಅವಳ ಮಗ ದುಂಡಪ್ಪ ನೇಕಾರ, ಲಗ್ನವಾಗದವನು. ಮನೆಯಲ್ಲಿ ತಾಯಿ ಮಗ ಇಬ್ಬರೇ ಇದ್ದರು. ದುಃಖದಲ್ಲಿ ಅವನು ಹನ್ನೊಂದು ದಿನ ಮಗ್ಗ ಮುಟ್ಟಲಿಲ್ಲ. ಹನ್ನೆರಡನೆಯ ದಿನ ಸ್ವಿಚ್ ಹಾಕಿದರೆ ಮಗ್ಗ ಅಲುಗಲಿಲ್ಲ, ಬಲ್ಬೂ ಇಲ್ಲ. ಊರಿನಲ್ಲಿ ಒಂದು ಗುಂಡಿ ಸತ್ತದ್ದು ಅದೇ ಮೊದಲು. ಓಣಿಗೆ ಓಣಿಯೇ ಗಾಬರಿಯಾಗಿ ನನ್ನ ಬಾಗಿಲಿಗೆ ಬಂತು. "ಸಾಹೇಬ್ರ, ನೀವ ನೋಡಿ ಹೇಳಬೇಕು" ಎಂದರು. ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ಇಸ್ತ್ರಿ ಅಂಗಿ ಹಾಕಿಕೊಂಡೆ. ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸರಳಿಗೆ ಟೆಸ್ಟರ್ ಮುಟ್ಟಿಸಿದೆ. ಕನ್ನಡಕ ಏರಿಸಿದೆ. ಏನೂ ತಿಳಿಯಲಿಲ್ಲ. ನೂರು ಜನ ನನ್ನ ಬಾಯಿ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಮಗ್ಗ ನಿಂತದ್ದಕ್ಕ ಗುಂಡಿ ಸತ್ತೈತಿ" ಎಂದೆ. "ಕರೆಂಟು ಹರೀತಾನ ಇರಬೇಕು. ನಿಂತರ ಮುಗೀತು, ಮತ್ತ ಏಳೂದಿಲ್ಲ."

ಗುಂಪಿನಿಂದ ಯಾರೋ "ಒಂದು ಬಲ್ಬ್ ಹಚ್ಚಿಟ್ರ ಸಾಕಾಗೂದಿಲ್ಲೇನ್ರಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೇ ನನಗೆ ಸಿಟ್ಟು ಬಂತು. "ಮಗ್ಗದ ಗುಂಡಿಗೆ ಮಗ್ಗದಷ್ಟ ಹರೀಬೇಕು" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸಂಜೆಯಿಂದ ಊರಿನ ಒಂದು ಮಗ್ಗವೂ ನಿಲ್ಲಲಿಲ್ಲ. ಗಂಡ ಮಲಗಿದರೆ ಹೆಂಡತಿ ನೇಯ್ದಳು, ಹೆಂಡತಿ ಮಲಗಿದರೆ ಅತ್ತೆ ನಿಂತಳು. ನೂಲು ಮುಗಿದ ಮನೆಗಳಲ್ಲಿ ಮಗ್ಗಗಳು ಖಾಲಿಯಾಗಿ ತಿರುಗುತ್ತ ಗಾಳಿಯನ್ನೇ ನೇಯುತ್ತಿದ್ದವು. ಕಟ್ಟೆಗಳು ಬರಿದಾದವು. ಜನ ಒಬ್ಬರ ಕಿವಿಯ ಹತ್ತಿರ ಒಬ್ಬರು ಬಾಯಿ ಇಟ್ಟು ಕೂಗಿ ಮಾತಾಡುವುದನ್ನು ಕಲಿತರು. ಇನ್ನೊಂದು ಮಾತೂ ಹುಟ್ಟಿಕೊಂಡಿತು, ಅದನ್ನು ನಾನು ಹೇಳಿದ್ದಲ್ಲ, ಆದರೆ ತಡೆಯಲೂ ಇಲ್ಲ: ಗಂಗವ್ವ ಹೋಗುವಾಗ ಕರೆಂಟನ್ನೂ ಕಟ್ಟಿಕೊಂಡು ಹೋದಳು ಎಂದು. ದುಂಡಪ್ಪ ಗುಂಡಿಯ ಮೇಲೆ ಒಂದು ಚಪ್ಪಡಿ ಎಳೆದು, ಅಡಿವೆಪ್ಪ ಸಾವಕಾರರ ಮಗ್ಗದ ಶೆಡ್ಡಿಗೆ ಕೂಲಿಗೆ ಹೋಗತೊಡಗಿದ. ನಾನು ಮಾತ್ರ ಏಳು ತಿಂಗಳು ಮತ್ತೆ ಸಾಹೇಬನಾಗಿ ಮೆರೆದೆ.

ಆ ಏಳನೆಯ ತಿಂಗಳಿಗೆ ಸರಿಯಾಗಿ ನನ್ನ ಮಗಳು ಸುವರ್ಣಾ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು. ಎಂಟು ತಿಂಗಳ ಬಸುರಿ. ಹೋದ ವರ್ಷ ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲೇ ಅವಳ ಹೊಟ್ಟೆಯ ಕೂಸು ಹೋಗಿತ್ತು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಒಂದು ದಿನ ಊಟದ ಹೊತ್ತಿಗೆ ನೀಲವ್ವ ಹಿತ್ತಿಲಿಗೆ ಬಂದು ನನ್ನ ರಟ್ಟೆ ಹಿಡಿದು ಎಳೆದಳು. ಬೆಳಗಿನಿಂದ ಕೂಸು ಮಿಸುಕಾಡಿಲ್ಲ ಎಂದು ಸುವರ್ಣಾ ಹೇಳಿದ್ದಳು. ಬೆಲ್ಲದ ನೀರು ಕುಡಿಸಿದರು, ಮಗ್ಗುಲು ಬದಲಿಸಿದರು, ಆದರೂ ಮಿಸುಕಾಡಲಿಲ್ಲ.

ಜೈನಾಬಿ ಸಿಸ್ಟರ್ ಓಡಿ ಬಂದರು. ನಮ್ಮ ಊರಿನ ಸರಕಾರಿ ದವಾಖಾನೆಗೆ ಇಪ್ಪತ್ತು ವರ್ಷದಿಂದ ಅವರೊಬ್ಬರೇ ನರ್ಸು. ಊರಿನ ಅರ್ಧ ಜನರನ್ನು ಮೊದಲು ಎತ್ತಿಕೊಂಡ ಕೈ ಅವರದು. ಅವರ ಹತ್ತಿರ ಒಂದು ಕಟ್ಟಿಗೆಯ ಕೊಳವೆ ಇತ್ತು. ಅದರ ಅಗಲದ ತುದಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ ಕೂಸಿನ ಎದೆಬಡಿತ ಕೇಳುತ್ತಿದ್ದರು. ಈಗಲೂ ಹಚ್ಚಿದರು. ಕಣ್ಣು ಮುಚ್ಚಿದರು. ಜಾಗ ಬದಲಿಸಿದರು, ಮತ್ತೆ ಹಚ್ಚಿದರು. ನಮ್ಮ ಮನೆಯ ಪಕ್ಕದ ಗೋಡೆಗೆ ಹತ್ತಿಯೇ ಅಡಿವೆಪ್ಪ ಸಾವಕಾರರ ಅರವತ್ತು ಮಗ್ಗಗಳ ಶೆಡ್ಡು. ಮಂಚವೇ ನಡುಗುತ್ತಿತ್ತು. ತಲೆ ಎತ್ತಿದಾಗ ಅವರ ಹಣೆಯ ಮೇಲೆ ಬೆವರಿತ್ತು.

"ಸಾಹೇಬ್ರ, ನನಗ ಹೊಟ್ಟಿ ಒಳಗೂ ಮಗ್ಗಾನ ಕೇಳಸ್ತಾವು" ಎಂದು ಕೂಗಿ ಹೇಳಿದರು. ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ಎದೆಬಡಿತ ಸರಿಯಾಗಿದ್ದರೆ ಹುಡುಗಿಯನ್ನು ಅಲುಗಾಡಿಸದೆ ಇಲ್ಲೇ ಮಲಗಿಸಬೇಕು. ಬಡಿತ ಕುಂಟುತ್ತಿದ್ದರೆ ಈಗಿಂದೀಗ ಜೀಪಿಗೆ ಹಾಕಿ ನಲವತ್ತು ಮೈಲಿ ದೂರದ ದೊಡ್ಡ ದವಾಖಾನೆಗೆ ಒಯ್ಯಬೇಕು. ಸುಮ್ಮನೆ ಒಯ್ದರೆ ಆ ದಾರಿಯ ಕುಲುಕಾಟಕ್ಕೇ ಕೂಸು ಹೋದೀತು. ಒಯ್ಯಬೇಕಾದಾಗ ಒಯ್ಯದಿದ್ದರೂ ಹೋದೀತು. "ಕೇಳದ ನಾ ಹೆಂಗ ಹೇಳ್ಲಿ? ಮೊದಲ ನೀವು ಕರೆಂಟ್ ತಗದಾಗ ಊರು ತಣ್ಣಗ ಇರ್ತಿತ್ತು, ಆಗ ನಾ ಎಲ್ಲಾ ಬಸರಿ ಹೆಂಗಸರನ್ನ ನೋಡ್ತಿದ್ದೆ. ಐದ ನಿಮಿಷ ಈ ಊರು ಸುಮ್ಮನಾಗಬೇಕ್ರಿ, ಐದ ನಿಮಿಷ."

ಐದು ನಿಮಿಷ! ಅದೇನು ದೊಡ್ಡದು? ಹತ್ತೊಂಬತ್ತು ವರ್ಷ ದಿನಕ್ಕೆ ಆರು ತಾಸು ಊರನ್ನು ಸುಮ್ಮನಾಗಿಸಿದವನು ನಾನು. ಬುದ್ಧಿಗೆ ಮಂಕು ಕವಿದು ನನ್ನ ಕಾಲುಗಳು ತಾವಾಗಿಯೇ ಸಬ್‌ಸ್ಟೇಷನ್ನಿಗೆ ಓಡಿದವು. ಬಾಗಿಲು ತಳ್ಳಿ ಆ ಕಬ್ಬಿಣದ ಹಿಡಿಕೆಗೆ ಎರಡೂ ಕೈ ಹಾಕಿ ಜೋತುಬಿದ್ದೆ. ಹಿಡಿಕೆ ಕೆಳಗೆ ಬಂತು. ಮಗ್ಗಗಳ ಸಪ್ಪಳ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮತ್ತೆ ಎತ್ತಿದೆ, ಮತ್ತೆ ಎಳೆದೆ. ಆಮೇಲೆ ನೆಲದ ಮೇಲೆ ಕುಳಿತು ಮಗುವಿನಂತೆ ಅತ್ತೆ.

ನೀಲವ್ವ ನನ್ನ ಹಿಂದೆಯೇ ಬಂದಿದ್ದಳು. "ಅಳೂದ ಆಮ್ಯಾಲ, ಏಳ್ರಿ" ಎಂದಳು. "ಮಂದಿ ಮಗ್ಗ ಯಾಕ ನಿಲ್ಲಸವಲ್ಲರು? ನೀವು ಹೇಳಿದ್ದಕ್ಕ. ದುಂಡಪ್ಪನ ಗುಂಡಿ ಮಗ್ಗ ನಿಂತು ಸತ್ತಿಲ್ಲ. ನೀರಿಲ್ದ ಸತ್ತೈತಿ. ದಿನಾ ನೀರು ಹಾಕಾಕಿ ಗಂಗವ್ವ. ಅಕೀನ ಹೋದ ಮ್ಯಾಲ ಯಾರು ಹಾಕ್ಯಾರು?"

ನಾನು ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದೆ. "ಇದು ನಿನಗ ಮೊದಲಿಂದ ಗೊತ್ತಿತ್ತ?"

"ಒಂದಿನ ನೀರು ತಪ್ಪಿದ್ರ ಬಲ್ಬ್ ಮಂಕ ಆಗ್ತೈತಿ, ಎಲ್ಲಾ ಹೆಂಗಸರಿಗೂ ಗೊತ್ತೈತಿ. ನಿಮ್ಮ ಸಬ್‌ಸ್ಟೇಷನ್ ಗುಂಡಿಗೂ ದಿನಾ ನೀರು ಹಾಕಾಕಿ ನಾನ."

"ಮತ್ತ ಯಾಕ ಹೇಳ್ಲಿಲ್ಲ?"

"ಯಾರು ಕೇಳಿದ್ರು?" ಎಂದಳು ನೀಲವ್ವ. "ನೀವು ಕನ್ನಡಕ ಹಾಕ್ಕೊಂಡು ಹೇಳಾಕತ್ತಿದ್ರಿ. ಆ ರಾತ್ರಿ ಮನ್ಯಾಗ ಬಾಯಿ ತಗದ್ರ ನೀ ಸುಮ್ಮನಿರು ಅಂದ್ರಿ. ಸುಮ್ಮನಾದೆ. ಅದು ನನ್ನ ತಪ್ಪು."

ಅದು ಅವಳ ತಪ್ಪಲ್ಲ ಎಂದು ಆಗಲೇ ಹೇಳಬೇಕಿತ್ತು. ಹೊತ್ತಿರಲಿಲ್ಲ. ದುಂಡಪ್ಪನ ಮನೆಗೆ ಓಡಿದೆವು. ಅವನು ಶೆಡ್ಡಿನ ಪಾಳಿ ಮುಗಿಸಿ ಬಂದು ಜೋಳದ ರೊಟ್ಟಿ ಮುರಿಯುತ್ತಿದ್ದ. ನೀಲವ್ವ ನೇರ ಹಿತ್ತಿಲಿಗೆ ನಡೆದು ಚಪ್ಪಡಿಗೆ ಕೈ ಹಾಕಿದಳು. ನಾನೂ ಕೈ ಹಚ್ಚಿದೆ. ಚಪ್ಪಡಿ ಜಾರಿತು. ಅವಳು ಬಾವಿಯಿಂದ ಸೇದಿದಳು, ನಾನು ಕೊಡ ಹೊತ್ತು ತಂದು ಸುರಿದೆ. ಒಂದು, ಎರಡು, ಮೂರು. ಒಣಗಿದ ಇದ್ದಿಲು ಬುಸುಗುಟ್ಟುತ್ತ ನೀರು ಕುಡಿಯಿತು. ದುಂಡಪ್ಪ ಎಂಜಲು ಕೈಯಲ್ಲೇ ಬಂದು ನಮ್ಮಿಬ್ಬರನ್ನೂ ಹುಚ್ಚರೋ ಎಂಬಂತೆ ನೋಡುತ್ತ ನಿಂತ. ನಾಲ್ಕನೆಯ ಕೊಡಕ್ಕೆ ಒಳಗಿನ ಕೋಣೆಯಲ್ಲಿ ದಡ್ ಎಂದು ಸಪ್ಪಳವಾಯಿತು.

ಅವನ ಮಗ್ಗ ಹೊರಟಿತ್ತು. ಏಳು ತಿಂಗಳ ಹಿಂದೆ ಹಾಕಿದ ಸ್ವಿಚ್ಚನ್ನು ಅವನು ಆರಿಸಿರಲೇ ಇಲ್ಲ. ತಾಯಿ ತೀರಿದ ದಿನದ ಅರ್ಧ ಸೀರೆ ಇನ್ನೂ ಮಗ್ಗದ ಮೇಲಿತ್ತು, ಧೂಳು ಮುಸುಕಿತ್ತು. ಲಾಳಿ ಅದರಲ್ಲಿ ಅತ್ತ ಇತ್ತ ಓಡುತ್ತಿತ್ತು. ದುಂಡಪ್ಪ ಗೋಡೆಗೆ ಒರಗಿ ಹಾಗೇ ಕುಸಿದು ಕುಳಿತ.

ನಾನು ಹೇಳಿದೆ. ನಿಂತುಕೊಂಡು ಹೇಳಲಾಗಲಿಲ್ಲ, ಅವನ ಎದುರು ಕುಳಿತು ಹೇಳಿದೆ. ಅವತ್ತು ನನಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ಹೇಳಿದೆ ಎಂದೆ. ನನ್ನ ಮಗಳ ವಿಷಯವನ್ನೂ ಹೇಳಿದೆ. ಅವನು ಒಂದು ಪೆಟ್ಟು ಕೊಟ್ಟಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

"ನಮ್ಮವ್ವನ ಮ್ಯಾಲ ಹಾಕಿದ್ರಲ್ರೀ ಸಾಹೇಬ್ರ" ಎಂದ. "ಕರೆಂಟ್ ಕಟಗೊಂಡ ಹೋದ್ಲು ಅಂತ ಸಣ್ಣ ಹುಡುಗ್ರೂ ಅಂತಾವು. ದಿನಾ ಮುಂಜಾನೆ ಮೊಣಕಾಲ ಹಿಡಕೊಂಡು ಬಂದು ಇದಕ್ಕ ನೀರು ಹಾಕ್ತಿದ್ಲು." ಎದ್ದ. ಮಗ್ಗದ ಹತ್ತಿರ ಹೋಗಿ ಸೀರೆಯ ಧೂಳನ್ನು ಕೈಯಿಂದ ಒಮ್ಮೆ ಸವರಿದ. ಆಮೇಲೆ ಸ್ವಿಚ್ ಆರಿಸಿದ. ಏಳು ತಿಂಗಳ ಮೇಲೆ ಹೊರಟ ಮಗ್ಗ ಅದು, ತಾನೇ ಮೊದಲು ನಿಲ್ಲಿಸಿದ. "ನಡ್ರಿ. ನಾ ಜೋಡಿ ಬರ್ತೀನಿ. ಪ್ರತಿ ಬಾಗಲದಾಗ ಮೊದಲ ಮಾತು ನಮ್ಮವ್ವಂದ ಆಗಬೇಕು. ಆಮ್ಯಾಲ ನಿಮ್ಮ ಮಗಳದು."

ಆ ಮಧ್ಯಾಹ್ನ ನಾನು ಎಷ್ಟು ಬಾಗಿಲು ಬಡಿದೆನೋ ಲೆಕ್ಕವಿಲ್ಲ. ಬಾಗಿಲು ಬಡಿದರೂ ಕೇಳದ ಮನೆಗಳಲ್ಲಿ ನೇರ ಒಳಗೇ ಹೋಗಬೇಕಾಯಿತು. ಪ್ರತಿ ಕಡೆ ಗಂಟಲು ಹರಿಯುವಂತೆ ಕೂಗಿ ಹೇಳಿದೆ: "ಗಂಗವ್ವಂದು ತಪ್ಪಿಲ್ಲ. ತಪ್ಪು ನಂದು. ಗುಂಡಿಗೆ ನೀರು ಬೇಕು, ಮಗ್ಗ ನಿಂತ್ರ ಏನೂ ಆಗೂದಿಲ್ಲ. ಐದು ನಿಮಿಷ ಬಂದ್ ಮಾಡ್ರಿ, ನನ್ನ ಮಗಳ ಕೂಸಿನ ಎದಿ ಕೇಳಬೇಕು." ಕೆಲವರು ನಂಬಲಿಲ್ಲ. ಅಂಥ ಕಡೆ ನೀಲವ್ವ ಒಳಗೆ ಹೋಗಿ ಹೆಂಗಸರ ಮುಖ ನೋಡುತ್ತಿದ್ದಳು, ಹೆಂಗಸರು ಗಂಡಸರ ಮುಖ ನೋಡಿ ಹೌದೆಂದು ತಲೆಯಾಡಿಸುತ್ತಿದ್ದರು. "ನಿನಗೂ ಗೊತ್ತಿತ್ತೇನ?" ಎಂದು ಗಂಡಂದಿರು ಬಾಯಿ ಬಿಡುತ್ತಿದ್ದರು. ಒಬ್ಬ ಮುದುಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನನ್ನ ಮಗಳ ಲಗ್ನದಾಗ ಐದ ನಿಮಿಷ ತಡಾ ಮಾಡಿ ತಗೀರಿ ಅಂದಿದ್ದೆ. ಹತ್ತಕ್ಕ ಸರಿಯಾಗಿ ತಗದ್ರಿ" ಎಂದ. ಹೌದು, ತೆಗೆದಿದ್ದೆ. ತಲೆ ತಗ್ಗಿಸಿದೆ. ಅವನು ಸ್ವಿಚ್ ಆರಿಸಿ ಒಳಗೆ ಹೋದ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತನ್ನು ಆ ದಿನ ನಾನು ಓಣಿ ಓಣಿಯಲ್ಲಿ ಉಂಡೆ.

ಮಗ್ಗ ನಿಲ್ಲಿಸಿದವರು ನಮ್ಮ ಹಿಂದೆ ಬಂದರು, ಬಂದವರು ಮುಂದಿನ ಓಣಿಗೆ ಓಡಿ ಹೇಳಿದರು. ಸಪ್ಪಳ ತೆಳ್ಳಗಾಗುತ್ತ ಬಂತು. ಮೊದಲು ಕೆಳಗಿನ ಓಣಿ, ಆಮೇಲೆ ಗುಡ್ಡದ ಓಣಿ, ಆಮೇಲೆ ಪೇಟೆ. ಕೊನೆಗೆ ಉಳಿದದ್ದು ಅಡಿವೆಪ್ಪ ಸಾವಕಾರರ ಶೆಡ್ಡು. ಸಾವಕಾರರು ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಒಂದೇ ಮಾತಿನ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಏನ್ ಸಾಹೇಬ್ರ," ಎಂದರು, "ಏಳು ತಿಂಗಳ ಹಿಂದ ನಿಲ್ಲಸಬ್ಯಾಡ್ರಿ ಅಂದವರೂ ನೀವ, ಇವತ್ತು ನಿಲ್ಲಸ್ರಿ ಅನ್ನವರೂ ನೀವ. ಅರವತ್ತು ಮಗ್ಗದ ಮ್ಯಾಲ ನೂರಾ ಇಪ್ಪತ್ತು ಮನಿ ಉಣ್ಣತಾವು. ಗುಂಡಿ ಸತ್ರ ಯಾರು ಹೊಣೆ?"

ನ್ಯಾಯವಾದ ಮಾತು. "ಸಾವಕಾರ್ರ, ಮೊದಲಾಗಿದ್ರ ನಿಮ್ಮನ್ನ ಕೇಳ್ತಿರಲಿಲ್ಲ, ತಗದಬಿಡ್ತಿದ್ದೆ" ಎಂದೆ. "ಈಗ ನನ್ನ ಕೈಯಾಗ ಏನೂ ಇಲ್ಲ. ಕೇಳೂದೊಂದ ಐತಿ. ಕೇಳಾಕತ್ತೀನಿ."

ಬೀದಿಯ ತುಂಬ ಜನ ನಿಂತಿದ್ದರು, ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಇಡೀ ಊರಿನಲ್ಲಿ ಈಗ ಕೇಳುತ್ತಿದ್ದದ್ದು ಅವರ ಶೆಡ್ಡಿನ ಗದ್ದಲ ಒಂದೇ. ಅಷ್ಟು ದಿನ ಎಲ್ಲರ ಸಪ್ಪಳದಲ್ಲಿ ತಮ್ಮದೂ ಒಂದಾಗಿದ್ದಾಗ ಗೊತ್ತಾಗಿರಲಿಲ್ಲವೋ ಏನೋ, ಅವರು ತಿರುಗಿ ತಮ್ಮದೇ ಶೆಡ್ಡನ್ನು ಹೊಸದಾಗಿ ನೋಡಿದರು. ಮುಖ ಕೆಂಪಾಯಿತು. "ಐದ ನಿಮಿಷ. ಆರನೇದು ಇಲ್ಲ" ಎಂದು ಹೇಳಿ ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚನ್ನು ತಾವೇ ಕೆಳಗೆ ಎಳೆದರು.

ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ ಯಾರದೋ ಮನೆಯ ಹಂಡೆಗೆ ತೊಟ್ಟಿಕ್ಕುವ ನೀರು ಕೇಳಿಸಿತು. ಎರಡು ಓಣಿಯಾಚೆ ಒಬ್ಬ ಸೀನಿದ್ದು ಕೇಳಿಸಿತು. ನನಗೆ ನನ್ನದೇ ಉಸಿರು ಕೇಳಿಸಿ ಭಯವಾಯಿತು. ತುದಿಗಾಲಲ್ಲಿ ಮನೆಯೊಳಗೆ ಹೋದೆ. ಜೈನಾಬಿ ಸಿಸ್ಟರ್ ಕೊಳವೆಗೆ ಕಿವಿ ಹಚ್ಚಿ ಕುಳಿತಿದ್ದರು. ಒಂದು ಕೈಯಲ್ಲಿ ಗಡಿಯಾರ. ಇನ್ನೊಂದು ಕೈ ಎತ್ತಿ, ಅಲ್ಲೇ ನಿಲ್ಲು ಎಂದು ನನಗೆ ಸನ್ನೆ ಮಾಡಿದರು. ಸುವರ್ಣಾ ತೊಲೆಗಳನ್ನು ನೋಡುತ್ತ ತುಟಿ ಕಚ್ಚಿ ಮಲಗಿದ್ದಳು. ಕೊಳವೆ ಎಡಕ್ಕೆ ಹೋಯಿತು, ಸ್ವಲ್ಪ ಕೆಳಗೆ ಹೋಯಿತು, ನಿಂತಿತು. ಸಿಸ್ಟರ ತುಟಿಗಳು ಎಣಿಸತೊಡಗಿದವು. ಆ ಒಂದು ನಿಮಿಷದಲ್ಲಿ ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ, ನಂಬದ ದೇವರಿಗೂ.

"ಐತಿ" ಎಂದರು. ಕಣ್ಣು ತೆರೆದಾಗ ಅವರ ಕಣ್ಣೂ ಒದ್ದೆಯಾಗಿತ್ತು. "ನೂರಾ ನಲವತ್ತು. ಒಂದ ಸವನ ಓಡಾಕತ್ತೈತಿ. ಕುಂಟಂಗಿಲ್ಲ, ಏನಿಲ್ಲ. ಮಲಗೈತ್ರಿ ಕೂಸು, ಈ ಗದ್ದಲದಾಗ ಅದಕ್ಕರ ನಿದ್ದಿ ಬರಬ್ಯಾಡೇನು? ಎಲ್ಲೂ ಒಯ್ಯಬ್ಯಾಡ್ರಿ, ಇಲ್ಲೇ ಮಲಗಲಿ." ಸುವರ್ಣಾ "ಅಪ್ಪಾ" ಎಂದಳು. ಪಿಸುಮಾತಿನಲ್ಲೇ ಅಂದದ್ದು. ತಿಂಗಳುಗಳ ಮೇಲೆ ನನ್ನ ಮಗಳು ಕೂಗದೆ ನನ್ನನ್ನು ಕರೆದಿದ್ದಳು.

ಹೊರಗೆ ಬಂದೆ. ದುಂಡಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡು, "ಗಟ್ಟಿ ಐತಂತ" ಎಂದು ಎಲ್ಲರಿಗೂ ಹೇಳಿದ. ಸಾವಕಾರರು ಗಡಿಯಾರ ನೋಡಿದರು. ಐದು ನಿಮಿಷ ಮುಗಿದಿತ್ತು. "ಆತಲ್ಲ, ಚಲೋ ಆತು" ಎಂದು ಸ್ವಿಚ್ಚಿಗೆ ಕೈ ಹಾಕಿದರು.

ಅಷ್ಟರಲ್ಲಿ ಅವರ ಮನೆಯ ಬಾಗಿಲು ತೆರೆಯಿತು. ಅವರ ಸೊಸೆ ಹೊರಗೆ ಬಂದಳು. ಮಾವನ ಎದುರು ತಲೆಯ ಸೆರಗು ಜಾರಿಸದ ಹುಡುಗಿ, ಬೀದಿಯ ಗಂಡಸರ ನಡುವೆ ಯಾವತ್ತೂ ಕಾಲಿಟ್ಟವಳಲ್ಲ. ಆರು ತಿಂಗಳ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಾವನ ಮುಂದೆಯೇ ಹಾದು, ನಮ್ಮ ಮನೆಯ ಮೆಟ್ಟಿಲು ಹತ್ತಿ ಸಿಸ್ಟರು ಇದ್ದ ಕೋಣೆಯ ಮುಂದೆ ಕುಳಿತಳು. ಅವಳ ಹಿಂದೆ ಕೆಳಗಿನ ಓಣಿಯಿಂದ ಇಬ್ಬರು ಬಂದರು. ಗುಡ್ಡದ ಕಡೆಯಿಂದ ಒಬ್ಬಳನ್ನು ಅವಳ ಅತ್ತೆ ಕೈ ಹಿಡಿದು ಇಳಿಸುತ್ತಿದ್ದಳು. ನೋಡನೋಡುತ್ತಲೇ ನಮ್ಮ ಕಟ್ಟೆ ತುಂಬಿತು. ಹನ್ನೊಂದು ಮಂದಿ. ಏಳು ತಿಂಗಳಿಂದ ಅವರಲ್ಲಿ ಒಬ್ಬಳ ಕೂಸಿನ ಎದೆಬಡಿತವನ್ನೂ ಯಾರೂ ಕೇಳಿರಲಿಲ್ಲ. ಜೈನಾಬಿ ಸಿಸ್ಟರ್ ಹೊಟ್ಟೆ ಸವರಿ ಅಂದಾಜಿನಲ್ಲಿ ಧೈರ್ಯ ಹೇಳಿ ಕಳಿಸುತ್ತಿದ್ದರಂತೆ. ನನ್ನ ಮಗಳೊಬ್ಬಳೇ ಬಸುರಿ ಎಂಬಂತೆ ನಾನು ಊರೆಲ್ಲ ಓಡಿದ್ದೆ. ನಾಚಿಕೆಯಿಂದ ನನಗೆ ಅವರ ಕಡೆ ನೋಡಲಾಗಲಿಲ್ಲ.

ಸಾವಕಾರರ ಕೈ ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಕಣ್ಣು ಸೊಸೆಯ ಮೇಲಿತ್ತು. ಬೀದಿಯ ನೇಕಾರರೆಲ್ಲ ಅವರನ್ನೇ ನೋಡುತ್ತಿದ್ದರು. ಅವರು ನಿಧಾನವಾಗಿ ಕೈ ತೆಗೆದರು. ನನ್ನ ಕಡೆ ಎರಡು ಹೆಜ್ಜೆ ಬಂದರು, ಅವರ ಜೀರು ಚಪ್ಪಲಿ ಕಿರ್ರ್ ಕಿರ್ರ್ ಎಂದಿತು. ಒಳಗಿನಿಂದ ಸಿಸ್ಟರು "ಶ್!" ಎಂದು ಗದರಿದರು. ಅಡಿವೆಪ್ಪ ಸಾವಕಾರರು ನಿಂತಲ್ಲೇ ನಿಂತರು. ಆಮೇಲೆ ಬಗ್ಗಿ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಬಂದು ನಮ್ಮ ಕಟ್ಟೆಯ ತುದಿಯಲ್ಲಿ ನನ್ನ ಪಕ್ಕ ಕುಳಿತರು.

"ಹನ್ನೊಂದು ಮಂದಿಗೆ ಎಷ್ಟ ಹೊತ್ತ ಹಿಡೀತೈತ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಸಂಜಿ ಆಗಬಹುದು" ಎಂದೆ.

"ಆಗಲಿ" ಎಂದರು. ಎಂಟುನೂರು ಮಗ್ಗಗಳ ಊರು ಬೀದಿಯಲ್ಲಿ ನೆಲಕ್ಕೆ ಕುಳಿತು ಕಾಯಿತು. ಒಳಗೆ ಜೈನಾಬಿ ಸಿಸ್ಟರ್ ಸಾವಕಾರರ ಸೊಸೆಗೆ "ನೂರಾ ಮೂವತ್ತಾರು" ಎಂದು ಮೆಲ್ಲಗೆ ಹೇಳಿದ್ದು ಬೀದಿಯ ಆ ತುದಿಯಲ್ಲಿದ್ದವರಿಗೂ ಕೇಳಿಸಿತು.